ದಡದಲ್ಲಿ ನಿಂತ ಫುಮಿ

ಮಿಲ್ಟನ್
೧೯ ನವೆಂಬರ್ ೨೦೧೭

ಪ್ರೀತಿಯ ಗುರುಬಸವ್ವನಿಗೆ ಚೆನ್ನಮ್ಮ ಮಾಡುವ ಶರಣು ಶರಣಾರ್ಥಿಗಳು.

ಮಹಾನವಮಿಯ ಹೊತ್ತಿಗೆ ಬಂದ ನಿನ್ನ ಪತ್ರಕ್ಕೆ ದೀಪಾವಳಿಯೂ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ನೆಪಗಳಿಲ್ಲವೆಂದಲ್ಲ, ಆದರೆ ನಮ್ಮ ಶಾಲೆಯ ಸೇವಾವಧಿಯುದ್ದಕ್ಕೂ ಹುಡುಗಿಯರ ನೆಪಗಳನ್ನು ಕೇಳಿಸಿಕೊಂಡವಳಿಗೆ ತಾನೇ ಒಂದನ್ನು ಹೇಳಲು ನಾಚಿಕೆಯಾಗುತ್ತದೆ. ನಿಜ ಇಷ್ಟೇ: ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಲು ಕೈ ಏಳಲಿಲ್ಲ, ಕ್ಷೇಮವಿಲ್ಲವೆಂದು ಬರೆಯಲು ಆಧಾರವಿರಲಿಲ್ಲ. ಗಣಿತದ ಟೀಚರಾದ ನೀನು, ಕಾರಣ ಕೊಡದೆ ಮುಂದಿನ ಸಾಲಿಗೆ ಹಾರಿದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು. ಅದಕ್ಕೆ ಹೆದರಿ ಸುಮ್ಮನಿದ್ದೆ.

ಭಾಸ್ಕರ ಮನೆಯಲ್ಲಿಲ್ಲ. ಅವನ ಕೆಲಸ ಪಿಕರಿಂಗಿನ ಅಣುವಿದ್ಯುತ್ ಕೇಂದ್ರದಲ್ಲೆಂದು ನಿನಗೆ ಗೊತ್ತು. ನಾವಿರುವುದು ಊರಿನ ಈ ತುದಿಯಲ್ಲಿ, ಅದಿರುವುದು ಆ ತುದಿಯಲ್ಲಿ. ನಡುವೆ ಟೊರಾಂಟೊ ನಗರವೆಲ್ಲ ಮಲಗಿದೆ. ಅಕ್ಟೋಬರಿನಲ್ಲಿ ಒಂದು ದಿನ ಅವನು ಊಟಕ್ಕೆ ಕುಳಿತವನು ತಟ್ಟೆ ನೋಡುತ್ತಲೇ ಹೇಳಿದ: “ಅವ್ವಾ, ಹಿಮ ಬಿದ್ದರ ಹೋಗಾಕ ಮೂರು ತಾಸು, ಬರಾಕ ಮೂರು ತಾಸು ಹಿಡೀತೈತಿ. ಚಳಿಗಾಲಕ್ಕಷ್ಟ ಅಲ್ಲೇ ಒಂದು ರೂಮ್ ತಗೊಂಡೇನಿ.” ನಾನು ಒಪ್ಪಿದೆ. ಇಲ್ಲಿಯ ಹೆದ್ದಾರಿಯನ್ನು ನೋಡಿದವರು ಯಾರಾದರೂ ಒಪ್ಪುತ್ತಾರೆ. ಆದರೆ ಚಳಿಗಾಲಕ್ಕೆಂದು ಹೋದವನು ಬೇಸಿಗೆಯ ಅರ್ಧತೋಳಿನ ಅಂಗಿಗಳನ್ನೂ ಒಯ್ದಿದ್ದಾನೆ, ಗುರುಬಸವ್ವ. ಒಗೆದ ಬಟ್ಟೆಗಳನ್ನು ಕಪಾಟಿನಲ್ಲಿಡಲು ಹೋದಾಗ ಕಂಡಿತು. ಮುಂದಿನ ಸಾಲಿಗೆ ನಾನು ಹಾರಿಲ್ಲ, ಹಾರುವ ಇಚ್ಛೆಯೂ ಇಲ್ಲ.

ಸೊಸೆ ಪದ್ಮಾ ಏನೂ ಹೇಳುವುದಿಲ್ಲ. ಮೈಸೂರಿನ ಹುಡುಗಿ, ಮಾತು ಮೆತ್ತಗೆ, ಮನಸ್ಸಿನ ಬಾಗಿಲು ಭದ್ರ. ಇಲ್ಲಿಯ ಗೋದಾಮೊಂದರಲ್ಲಿ ಮೇಲ್ವಿಚಾರಕಿ. ಕತ್ತಲಿರುವಾಗಲೇ ಹೊರಟು ಕತ್ತಲಾದ ಮೇಲೆ ಬರುತ್ತಾಳೆ. ನನಗೆ ಬಿಸಿನೀರಿನ ಚೀಲ ತುಂಬಿಕೊಡುತ್ತಾಳೆ, ಮೊಣಕಾಲಿಗೆ ಮುಲಾಮು ತಂದುಕೊಡುತ್ತಾಳೆ. ನಾನು “ಭಾಸ್ಕರ ಫೋನು ಮಾಡಿದ್ದನೇನವ್ವ?” ಎಂದು ಕೇಳಿದರೆ “ಮಾಡಿದ್ರು ಅತ್ತೆ” ಎನ್ನುತ್ತಾಳೆ. ಪ್ರಶ್ನೆಗೆ ಉತ್ತರ ಬಂದಿತು, ವಿಷಯ ಬರಲಿಲ್ಲ.

ನನ್ನ ಚಿಂತೆ ಅವರಿಬ್ಬರದಲ್ಲ, ಮಗುವಿನದು. ಇಂಚರ ಈಗ ಹದಿನೈದರ ಹುಡುಗಿ. (ಶಾಲೆಯ ದಾಖಲೆಯಲ್ಲಿ ಇಂಚರಾ ಎಂದು ದೀರ್ಘ ಎಳೆದಿದ್ದಾರೆ. ಆ ಜಗಳ ಬಿಟ್ಟಿದ್ದೇನೆ.) ಹಿಂದಿನ ವರ್ಷ ಸಂಜೆ ಒಂದು ಗಂಟೆ ಕನ್ನಡ ಓದುತ್ತಿದ್ದಳು, ಮುಖ ಸಿಂಡರಿಸಿಯಾದರೂ ಓದುತ್ತಿದ್ದಳು. ಅಪ್ಪ ಹೋದ ಮೇಲೆ ಕೋಣೆಯ ಬಾಗಿಲು ಮುಚ್ಚಿತು. ಊಟಕ್ಕೆ ಕರೆದರೆ ಬರುತ್ತಾಳೆ, ತಿನ್ನುತ್ತಾಳೆ, “ಥ್ಯಾಂಕ್ಸ್” ಎಂದು ಹೋಗುತ್ತಾಳೆ. ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಒಂದೊಂದು ಶಬ್ದದ ಉತ್ತರ. ಬಾಗಿಲಿನಾಚೆ ಹಿಮ, ಈಚೆ ಈ ಮೌನ. ನನಗೆ ಕಾರು ನಡೆಸಲು ಬಾರದು, ಕಾಲುದಾರಿಯಲ್ಲಿ ಮಂಜುಗಡ್ಡೆ. ಒಂದೇ ಅಚ್ಚಿನಲ್ಲಿ ಒತ್ತಿದ ಮನೆಗಳ ಈ ಬೀದಿಯಲ್ಲಿ ಎರಡು ಸಲ ಬೇರೆಯವರ ಬಾಗಿಲಿಗೆ ಹೋಗಿ ಬೀಗದ ಕೈ ತಿರುಗಿಸಿದ್ದೇನೆಂದರೆ ನೀನು ನಗುತ್ತೀ. ನಗು.

ಈಗ ನಡೆದ ಸಂಗತಿ ಕೇಳು. ಹಚ್ಚಿದ ಅವಲಕ್ಕಿಯ ಬಟ್ಟಲು ಹಿಡಿದು ಅವಳ ಕೋಣೆಗೆ ಹೋದಾಗ ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಹುಡುಗಿ ನಿಂತಿದ್ದಳು. ಕಣ್ಣು ಮುಖಕ್ಕಿಂತ ದೊಡ್ಡವು, ಲಂಗ ಮೊಣಕಾಲಿಗಿಂತ ಬಹಳ ಮೇಲೆ, ಸುತ್ತ ಗುಲಾಬಿ ಬಣ್ಣದ ಹೂವಿನ ಎಸಳುಗಳು ಉದುರುತ್ತಿದ್ದವು. ಇದೇನೆಂದು ಕೇಳಿದೆ. ಜಪಾನಿನದು, ವಿಶುಯಲ್ ನಾವೆಲ್ ಅನ್ನುತ್ತಾರೆ ಎಂದಳು. ಕಥೆ ಎಂಥದೆಂದು ಕೇಳಿದೆ. ರೊಮ್ಯಾನ್ಸ್ ಎಂದಳು. ನನ್ನ ಮುಖ ಹೇಗಾಯಿತೋ, ತಿಂಗಳಲ್ಲಿ ಮೊದಲ ಸಲ ಅವಳು ಉದ್ದದ ವಾಕ್ಯ ಹೇಳಿದಳು: “ಅಜ್ಜಿ, ಇಟ್ಸ್ ಮೋಸ್ಟ್ಲಿ ರೀಡಿಂಗ್. ಗೇಮ್ ಥರ ಅಲ್ಲ. ಬುಕ್ ಥರ ಓದ್ತಾನೇ ಇರ್ಬೇಕು, ಮಧ್ಯದಲ್ಲಿ ಚೂಸ್ ಮಾಡ್ಬೇಕು ಅಷ್ಟೆ.”

ನಿಲ್ಲಿಸೆಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಮಾತಾಡಿದ್ದಳು. ಆದ್ದರಿಂದ ಒಂದು ಕರಾರು ಹಾಕಿದೆ: ಓದಬಹುದು, ಆದರೆ ನನ್ನ ಎದುರಿಗೆ, ಪ್ರತಿಯೊಂದು ಪುಟವನ್ನೂ ಕನ್ನಡದಲ್ಲಿ ನನಗೆ ಹೇಳಬೇಕು, ಪೂರ್ಣ ವಾಕ್ಯಗಳಲ್ಲಿ. ‘ಥರ’ ಸಲ್ಲದು, ‘ಅಷ್ಟೆ’ ಎಂದು ತುಂಡರಿಸುವುದು ಸಲ್ಲದು. ಅವಳು ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು ನನಗೆ ಜಾಗ ಮಾಡಿಕೊಟ್ಟಳು.

ಅಂದಿನಿಂದ ನಮ್ಮ ಸಂಜೆಯ ಪಾಠ ಇದೇ. ನಾನು ಇದಕ್ಕೆ ‘ದೃಶ್ಯಕಾದಂಬರಿ’ ಎಂದು ಹೆಸರಿಟ್ಟಿದ್ದೇನೆ. ಇದಕ್ಕಿಂತ ಸರಿಯಾದ ಶಬ್ದ ಹೊಳೆದರೆ ತಿಳಿಸು. ಕೃತಿಯ ಹೆಸರು ‘ಕಡೆಯ ದೋಣಿ’. ಒಂದು ಪುಟ್ಟ ದ್ವೀಪ, ಅಲ್ಲೊಂದು ಪ್ರೌಢಶಾಲೆ. ಮಕ್ಕಳಿಲ್ಲದೆ ಆ ವರ್ಷದ ಕೊನೆಗೆ ಶಾಲೆ ಮುಚ್ಚುತ್ತದೆ, ಎಲ್ಲರೂ ಕಡೆಯ ದೋಣಿ ಹತ್ತಿ ಊರು ಬಿಡಬೇಕು. ಓದುವ ನಾವೇ ಕಥೆಯ ಹುಡುಗ. ತರಗತಿಯಲ್ಲಿ ನಾಲ್ಕಾರು ಹುಡುಗಿಯರಿದ್ದರೂ ನೆನಪಿಡಬೇಕಾದವರು ಇಬ್ಬರು: ದೋಣಿಯವನ ಮಗಳು ಸುಮಿರೆ, ಪಟ್ಟಣದಿಂದ ಬಂದ ಯುಕಾರಿ. ಅಲ್ಲಲ್ಲಿ ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ: ಇವಳ ಜೊತೆಗೆ ನಡೆಯುವೆಯೋ, ಅವಳ ಜೊತೆಗೋ? ಆರಿಸಿದಂತೆ ಕಥೆಯ ದಾರಿ ಕವಲೊಡೆಯುತ್ತದೆ. ಸುಮಿರೆಯ ದಾರಿಯಲ್ಲಿ ಹೋದರೆ ಯುಕಾರಿ ಯಾರಿಗೂ ಹೇಳದೆ ದ್ವೀಪ ಬಿಡುತ್ತಾಳೆ. ಯುಕಾರಿಯ ದಾರಿಯಲ್ಲಿ ಹೋದರೆ ಸುಮಿರೆಯ ತಂದೆಯ ಕಾಯಿಲೆಯ ಸುದ್ದಿಯೇ ನಮಗೆ ತಿಳಿಯುವುದಿಲ್ಲ. ಒಬ್ಬಳ ಕಣ್ಣೀರು ಒರೆಸಲು ಹೋದರೆ ಇನ್ನೊಬ್ಬಳದು ಹಾಗೆಯೇ ಉಳಿಯುವ ಕಥೆಯಿದು. ಇದನ್ನು ಮಕ್ಕಳಿಗಾಗಿ ಬರೆದವರು ಯಾರೋ!

ನನಗೆ ಇಷ್ಟವಾದವಳು ಬೇರೆ. ತರಗತಿಯ ಮಾನಿಟರು, ಹೆಸರು ಫುಮಿ. ಕಿಟಕಿ ಮುಚ್ಚುವವಳು ಅವಳು, ಗಂಟೆ ಬಾರಿಸುವವಳು ಅವಳು, ಮಳೆಯಲ್ಲಿ ಓಡುವವರಿಗೆ ತನ್ನ ಕೊಡೆ ಕೊಟ್ಟು ತಾನು ನೆನೆಯುವವಳು ಅವಳು. “ದೋಣಿ ತಪ್ಪಿಸಿಕೊಳ್ಳಬೇಡಿ” ಎಂದು ಎಲ್ಲರಿಗೂ ನೆನಪಿಸುತ್ತಾಳೆ. ಇವಳ ದಾರಿ ಯಾವಾಗ ಬರುತ್ತದೆಂದು ಕೇಳಿದೆ. ಇಂಚರ ತಲೆಯಲ್ಲಾಡಿಸಿದಳು. “ಫುಮಿಗೆ ದಾರಿ ಇಲ್ಲ, ಅಜ್ಜಿ. ಅವಳನ್ನು ಆರಿಸುವುದಕ್ಕೆ ಆಗುವುದಿಲ್ಲ.” ವಾಕ್ಯ ಚೆನ್ನಾಗಿತ್ತು. ಅದಕ್ಕೆ ಶಾಬಾಸ್ ಹೇಳಿದೆ. ಫುಮಿಯ ವಿಷಯದಲ್ಲಿ ನನ್ನ ಅಸಮಾಧಾನ ಇದ್ದೇ ಇದೆ.

ಒಂದು ಮಾತು ನನ್ನನ್ನು ಕಾಡುತ್ತದೆ. ಕಥೆಯಲ್ಲಿ ದೀಪಗಳ ಹಬ್ಬದ ಸಂಜೆ ಬರುತ್ತದೆ. ಅಲ್ಲಿ ಸುಮಿರೆಯೋ ಯುಕಾರಿಯೋ ಎಂದು ಖಚಿತವಾಗಿ ಹೇಳಲೇಬೇಕು. ಇಂಚರ ಅಲ್ಲಿಯವರೆಗೆ ಬರುತ್ತಾಳೆ, ಪ್ರಶ್ನೆ ಮೂಡುತ್ತದೆ, ಅವಳು ಕೈ ಹಿಂದೆಗೆದು ಮೊದಲ ಪುಟಕ್ಕೆ ಹೋಗಿಬಿಡುತ್ತಾಳೆ. ಏಕೆಂದು ಕೇಳಿದರೆ ಸುಮ್ಮನೆ ಎನ್ನುತ್ತಾಳೆ. ದ್ವೀಪಕ್ಕೆ ಬಂದಿಳಿಯುವ ಪುಟ ನನಗೀಗ ಬಾಯಿಪಾಠವಾಗಿದೆ.

ಇಲ್ಲಿಯ ಕನ್ನಡ ಬಳಗದವರ ರಾಜ್ಯೋತ್ಸವಕ್ಕೆ ಹೋಗಿದ್ದೆವು. ಆಮಂತ್ರಣದಲ್ಲಿದ್ದ ತಪ್ಪುಗಳನ್ನು ಗುರುತಿಸಿ ಕಾರ್ಯದರ್ಶಿಯ ಕೈಗೆ ಕೊಟ್ಟೆ. ಮುಂದಿನ ವರ್ಷ ಕರಡನ್ನು ನನಗೇ ಕಳಿಸುತ್ತಾರಂತೆ. ಅವನ ಹೆಂಡತಿ ನಕ್ಕದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ನಕ್ಕಿರಬೇಕು. ಭಾಸ್ಕರ ಬರಲಿಲ್ಲ, ಹಿಮ ಬೀಳುವ ಸೂಚನೆಯಿತ್ತಂತೆ. ಬೀಳಲಿಲ್ಲ.

ನಿನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮುಂದೂಡಬೇಡ.

ನಿನ್ನ
ಚೆನ್ನಮ್ಮ


ಮಿಲ್ಟನ್
೪ ಮಾರ್ಚ್ ೨೦೧೮

ಪ್ರೀತಿಯ ಗುರುಬಸವ್ವ,

ಈ ಸಲ ನಿನಗೆ ಬೇಕಾದ ಆಧಾರ ಸಿಕ್ಕಿದೆ.

ಇಲ್ಲಿ ಫೆಬ್ರುವರಿಯಲ್ಲಿ ಫ್ಯಾಮಿಲಿ ಡೇ ಎಂದು ಸರ್ಕಾರಿ ರಜೆಯಿರುತ್ತದೆ, ಕುಟುಂಬದವರು ಜೊತೆಗಿರಲೆಂದು. ಆ ದಿನ ಪದ್ಮಾಳಿಗೂ ರಜೆ. ನಾನು ಹೋಳಿಗೆ ಮಾಡೋಣವೆಂದು ಬೇಳೆ ಬೇಯಲಿಟ್ಟು, ಭಾಸ್ಕರನಿಗೆ ಬರಲು ಹೇಳೆಂದೆ. ಅವಳು ಒಲೆ ಆರಿಸಿ ನನ್ನ ಎದುರಿಗೆ ಕುಳಿತಳು. “ಅತ್ತೆ, ಅವರು ಬರಲ್ಲ. ಚಳಿಗಾಲ ಮುಗಿದ್ಮೇಲೂ ಬರಲ್ಲ. ಇಬ್ರೂ ಮಾತಾಡ್ಕೊಂಡೇ ತೀರ್ಮಾನ ಮಾಡಿರೋದು. ನಿಮ್ಗೆ ಹೇಳೋ ಧೈರ್ಯ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ.”

ತಪ್ಪು ಯಾರದೆಂದು ನಾನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ, ಆ ಗೌರವ ಅವಳಿಗೆ ಸಲ್ಲಬೇಕು. ಆಮೇಲೆ ಭಾಸ್ಕರನಿಗೆ ಫೋನು ಮಾಡಿದರೆ ಅವನೂ ಹಾಗೆಯೇ: “ಯಾರ ತಪ್ಪೂ ಇಲ್ಲವ್ವ. ಹೊಂದಿಕೆ ಆಗಲಿಲ್ಲ. ನೀ ತಲಿ ಕೆಡಿಸ್ಕೋಬ್ಯಾಡ.” ಯಾರ ತಪ್ಪೂ ಇಲ್ಲದ ಕಡೆ ನಾನು ಯಾರನ್ನು ಗದರಿಸಲಿ? ಗದರಿಸಲು ಯಾರಾದರೂ ಇದ್ದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. ಮನೆ ಮಾರುತ್ತಾರಂತೆ. ಮಗಳು ಯಾರ ಬಳಿ ಇರಬೇಕೆಂಬುದೊಂದೇ ಇನ್ನೂ ತೀರ್ಮಾನವಾಗಬೇಕಾದದ್ದು. ಪದ್ಮಾ ತನ್ನ ಬಳಿ ಇರಲಿ ಎನ್ನುತ್ತಾಳೆ, ಭಾಸ್ಕರ ತನ್ನ ಬಳಿ ಎನ್ನುತ್ತಾನೆ. ಹದಿನೈದು ತುಂಬಿದ ಹುಡುಗಿಯಾದ್ದರಿಂದ ಅವಳ ಇಚ್ಛೆಯನ್ನೇ ಕೇಳುವುದು ಇಲ್ಲಿಯ ಪದ್ಧತಿ. ಮಕ್ಕಳ ಪರವಾಗಿ ಮಾತಾಡುವ ವಕೀಲೆಯೊಬ್ಬಳು ಮುಂದಿನ ವಾರ ಬರುತ್ತಾಳೆ. ಅವಳೊಡನೆ ಮಗು ಒಬ್ಬಳೇ ಕುಳಿತು ಮಾತಾಡಬೇಕಂತೆ.

ಇಂಚರಳಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಮನೆಯಲ್ಲಿ ಗೊತ್ತಿರದಿದ್ದವಳು ನಾನೊಬ್ಬಳೇ.

ಅಂದು ಮಧ್ಯಾಹ್ನ ಹೋಳಿಗೆಯಾಗಲಿಲ್ಲ. ಇಂಚರ ಕೆಳಗಿಳಿದು ಬಂದು ಟಿವಿ ಹಚ್ಚಿ, ‘ಕಡೆಯ ದೋಣಿ’ಯ ಅನಿಮೆ ಇದೆ, ನೋಡೋಣವೇ ಎಂದು ಕೇಳಿದಳು. ಜಪಾನಿನವರು ಇಂಥ ಕಾದಂಬರಿಗಳನ್ನು ಚಲಿಸುವ ಚಿತ್ರಗಳಾಗಿಯೂ ಮಾಡುತ್ತಾರೆ. ಆದರೆ ಚಿತ್ರದಲ್ಲಿ ಓದುಗ ಆರಿಸುವಂತಿಲ್ಲವಾದ್ದರಿಂದ ಮಾಡುವವರೇ ಒಂದು ದಾರಿ ಹಿಡಿಯಬೇಕು. ಇವರು ಯುಕಾರಿಯ ದಾರಿ ಹಿಡಿದಿದ್ದರು. ಪದ್ಮಾ ಕೂಡ ಬಂದು ಕುಳಿತಳು. ಮೂವರೂ ಒಂದೇ ಕಂಬಳಿ ಹೊದ್ದು ಸಂಜೆಯವರೆಗೆ ನೋಡಿದೆವು. ಸುಮಿರೆಯ ತಂದೆ ಏನಾದನೆಂದು ಕೊನೆಗೂ ಹೇಳಲಿಲ್ಲ. ಹುಡುಗನೂ ಯುಕಾರಿಯೂ ದೋಣಿ ಹತ್ತಿದರು. ಫುಮಿ ದಡದಲ್ಲಿ ನಿಂತು ಕೈ ಬೀಸಿದಳು. ಅಷ್ಟೂ ಕಂತುಗಳಲ್ಲಿ ಅವಳಿಗೆ ಹೇಳಿಕೊಳ್ಳುವಂಥ ಮಾತು ಒಂದೂ ಇರಲಿಲ್ಲ.

ನನಗೆ ಅಂದು ಯಾರ ಮೇಲೋ ಸಿಟ್ಟು ಮಾಡಬೇಕಿತ್ತು. ಇಂಚರಳನ್ನು ಕೂರಿಸಿಕೊಂಡು ಆ ಜಪಾನಿ ಕಂಪನಿಗೆ ಒಂದು ಪತ್ರ ಹೇಳಿ ಬರೆಸಿದೆ. ಮಾನ್ಯರೇ, ತರಗತಿಯ ನಾಯಕಿಯಾಗಿ ಎಲ್ಲರ ಹೊಣೆ ಹೊತ್ತ ವಿದ್ಯಾರ್ಥಿನಿಗೆ ತಾವು ಒಂದು ದಾರಿಯನ್ನೂ ಕೊಡದಿರುವುದು ಸರಿಯಲ್ಲ. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ಕೆಲಸ ಮಾಡಿದವಳಾಗಿ ಇದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ ಎಂದು. ಅವಳು ಇಂಗ್ಲಿಷಿಗೆ ತಿರುಗಿಸಿ ಇಮೇಲ್ ಮಾಡಿದಳು. ನಿಮಿಷವೂ ಆಗಿರಲಿಲ್ಲ, ಉತ್ತರ ಬಂದಿತು: ತಮ್ಮ ಅಮೂಲ್ಯ ಅಭಿಪ್ರಾಯ ತಲುಪಿದೆ, ಎಲ್ಲರಿಗೂ ಪ್ರತ್ಯೇಕವಾಗಿ ಉತ್ತರಿಸಲಾಗದು. “ಅತ್ತೆ, ಜಪಾನ್‌ಗೂ ನೀವು ಮೆಮೊ ಕಳಿಸಿಬಿಟ್ರಾ?” ಎಂದು ಪದ್ಮಾ ನಕ್ಕಳು. ಎಷ್ಟು ದಿನಗಳಾಗಿದ್ದವೋ ಅವಳು ನಕ್ಕು. ನಗುತ್ತ ನಗುತ್ತ ಎದ್ದು ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೂ ಇಂಚರಳೂ ನಲ್ಲಿಯ ಸದ್ದು ಕೇಳುತ್ತ ಕುಳಿತಿದ್ದೆವು.

ಒಂದು ಒಳ್ಳೆಯ ಸುದ್ದಿಯಿಂದ ಮುಗಿಸುತ್ತೇನೆ. ಮೊನ್ನೆ ಪಾಠದಲ್ಲಿ ಮತ್ತೆ ಆ ದೀಪಗಳ ಹಬ್ಬದ ಸಂಜೆ ಬಂದಿತು. ಇಂಚರ ಮತ್ತೆ ಕೈ ಹಿಂದೆಗೆದಳು. ಈ ಸಲ ನಾನು ಬಿಡಲಿಲ್ಲ. ಅವಳು ಕೇಳಿದಳು: “ಎರಡೂ ತಪ್ಪು ಅಂತ ಗೊತ್ತಿದ್ದರೆ ಏನು ಮಾಡಬೇಕು, ಅಜ್ಜಿ?” ಪರೀಕ್ಷೆಯ ಹಿಂದಿನ ದಿನ ನಮ್ಮ ಹುಡುಗಿಯರಿಗೆ ಏನು ಹೇಳುತ್ತಿದ್ದೆವೋ ಅದನ್ನೇ ಹೇಳಿದೆ: “ಬಿಟ್ಟ ಪ್ರಶ್ನೆಗೆ ಅಂಕವಿಲ್ಲ. ತಪ್ಪಾದರೂ ಸರಿ, ಬರೆದು ಬಾ.” ಅವಳು ನನ್ನನ್ನೇ ನೋಡಿದಳು. ಆಮೇಲೆ ಸುಮಿರೆಯ ಹೆಸರನ್ನು ಒತ್ತಿದಳು. ಯುಕಾರಿ ಏನಾಗುತ್ತಾಳೆಂದು ಕೇಳಿದ್ದಕ್ಕೆ, “ಅವಳು ಗಟ್ಟಿ. ಹೇಗೋ ಮ್ಯಾನೇಜ್ ಮಾಡ್ತಾಳೆ” ಎಂದಳು. ಅಳುತ್ತಿದ್ದಳು. ಕಥೆಗಾಗಿ ಅಳುವ ಮಕ್ಕಳು ನಮ್ಮ ಶಾಲೆಯಲ್ಲಿಯೂ ಇದ್ದರಲ್ಲವೇ? ‘ಮ್ಯಾನೇಜ್’ ಎಂದದ್ದನ್ನು ನಾನು ತಿದ್ದಲಿಲ್ಲ. ಅಷ್ಟು ದಿನ ದಾಟದ ಹೊಸ್ತಿಲನ್ನು ಮಗು ದಾಟಿತೆಂದು ನನಗೆ ಹೆಮ್ಮೆಯೇ ಆಯಿತು.

ಪೊರೆ ತೆಗೆಸಿಕೊಂಡೆಯೆಂದು ನಿನ್ನ ತಮ್ಮನ ಮಗ ಫೋನಿನಲ್ಲಿ ತಿಳಿಸಿದ. ಹಾಗಾದರೆ ಈ ಪತ್ರವನ್ನು ನೀನೇ ಓದುತ್ತಿರುವೆ. ಒಳ್ಳೆಯದು. ಇದು ಇನ್ನೊಬ್ಬರು ಓದಿ ಹೇಳುವಂಥದಲ್ಲ.

ನಿನ್ನ
ಚೆನ್ನಮ್ಮ


ಮಿಲ್ಟನ್
೨೪ ಜೂನ್ ೨೦೧೮

ಪ್ರೀತಿಯ ಗುರುಬಸವ್ವನಿಗೆ ಶರಣು.

ನಿನ್ನ ಎರಡು ಪತ್ರಗಳೂ ಮೇಜಿನ ಮೇಲಿವೆ. ಎರಡನೆಯದರಲ್ಲಿ ‘ಬದುಕಿದ್ದೀಯೇನು?’ ಎಂದಷ್ಟೇ ಬರೆದಿದ್ದೀ. ಬದುಕಿದ್ದೇನೆ. ಮೇಜು ಮಾತ್ರ ನಾಳೆ ಹೋಗುತ್ತದೆ. ಕೊಂಡವರು ಬಂದು ಒಯ್ಯುತ್ತಾರೆ. ಅದಕ್ಕೇ ಇವತ್ತೇ ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ.

ಇಂಚರ ತಾಯಿಯನ್ನು ಆರಿಸಿದಳು. ವಕೀಲೆಯ ಬಳಿ ಸ್ಪಷ್ಟವಾಗಿ, ತಡವರಿಸದೆ ಹೇಳಿದಳಂತೆ. ಪದ್ಮಾಳ ಅಕ್ಕ ಅಮಿತಾ ರಿಚ್ಮಂಡ್ ಹಿಲ್‌ನಲ್ಲಿದ್ದಾಳೆ. ಅವಳ ಮನೆಯ ಹತ್ತಿರವೇ ಒಂದು ಮಲಗುವ ಕೋಣೆಯ ಅಪಾರ್ಟ್‌ಮೆಂಟು ಹಿಡಿದಿದ್ದಾರೆ. ಕೋಣೆ ಮಗಳಿಗೆ, ಹಜಾರದ ಸೋಫಾ ತಾಯಿಗೆ. ದೇವಸ್ಥಾನ ಹತ್ತಿರ, ಶಾಲೆಗೆ ನೇರ ಬಸ್ಸು. ಬೆಳೆಯುವ ಹುಡುಗಿಗೆ ತಾಯಿಯ ಮಗ್ಗುಲೇ ಸರಿಯೆಂದು ನಾನೇ ಹೇಳುತ್ತಿದ್ದೆ, ನನ್ನನ್ನು ಕೇಳಿದ್ದಿದ್ದರೆ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಸುದ್ದಿ ತಿಳಿದ ದಿನ ಭಾಸ್ಕರ ಬಂದಿದ್ದ. ಮಗಳನ್ನು ಅಪ್ಪಿಕೊಂಡು ನಿಂತ, ಒಳ್ಳೇದು ಮಾಡಿದೆ ಪುಟ್ಟಾ ಎಂದ. ಅವಳು ಹೋದ ಮೇಲೆ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕುಳಿತು, “ಅವ್ವಾ, ನಾ ಗಟ್ಟಿ ಅದೀನಂತ. ಹೆಂಗೋ ಮ್ಯಾನೇಜ್ ಮಾಡ್ತೇನಂತ. ಹಂಗಂತ ಹೇಳ್ಯಾಳ ವಕೀಲರ ಮುಂದ” ಎಂದ. ಆ ಮಾತನ್ನು ನಾನು ಮೊದಲೇ ಕೇಳಿದ್ದೆ, ಅದೇ ಶಬ್ದಗಳಲ್ಲಿ. ಎರಡೂ ತಪ್ಪೆಂದು ಗೊತ್ತಿದ್ದರೆ ಏನು ಮಾಡಬೇಕೆಂದು ಮಗು ಕೇಳಿದ್ದು ಸುಮಿರೆಯ ಬಗ್ಗೆಯೂ ಅಲ್ಲ, ಯುಕಾರಿಯ ಬಗ್ಗೆಯೂ ಅಲ್ಲ. ನಾನು ಅದಕ್ಕೆ ಪರೀಕ್ಷೆಯ ನಿಯಮವನ್ನು ಹೇಳಿಕೊಟ್ಟೆ, ಅವಳು ಪಾಲಿಸಿದಳು. ಒಳ್ಳೆಯ ವಿದ್ಯಾರ್ಥಿನಿ. ಬೇರೆ ಏನು ಹೇಳಬಹುದಿತ್ತೆಂದು ಇಂದಿನವರೆಗೂ ಯೋಚಿಸುತ್ತಿದ್ದೇನೆ, ಹೊಳೆದಿಲ್ಲ. ನಿನಗೆ ಹೊಳೆದರೂ ಬರೆಯಬೇಡ.

ಇನ್ನು ನನ್ನ ವಿಷಯ. ಬಂಧುತ್ವದ ಲೆಕ್ಕದಲ್ಲಿ ನಾನು ಮಗನ ತಾಯಿ. ಮಗನಿಂದ ಬೇರೆಯಾದ ಸೊಸೆಯ ಮನೆಯಲ್ಲಿ, ಅದೂ ಅವಳೇ ಸೋಫಾದ ಮೇಲೆ ಮಲಗುವ ಮನೆಯಲ್ಲಿ, ನನಗೆ ಸ್ಥಳವಿಲ್ಲ. ಪದ್ಮಾ ಅದನ್ನು ಹೇಳಲಿಲ್ಲ. “ನೀವು ಇಲ್ಲೇ ಇರಿ ಅತ್ತೆ ಅಂತ ಹೇಳೋ ಹಾಗಿದ್ದಿದ್ರೆ ಹೇಳ್ತಿದ್ದೆ” ಎಂದು ನನ್ನ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಳು, ಚಿಕ್ಕ ಹುಡುಗಿಯ ಹಾಗೆ. ನಾನು ಅವಳ ತಲೆ ಸವರಿದೆ. ಭಾಸ್ಕರನಿರುವುದು ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ. ಮೆಟ್ಟಿಲು ಕಡಿದು, ನನ್ನ ಮೊಣಕಾಲಿಗೆ ಆಗದು. ನನ್ನ ವೀಸಾ ಅವನ ಆಮಂತ್ರಣದ ಮೇಲೆ ನಿಂತದ್ದು, ಅದನ್ನು ಮುಂದುವರಿಸುವ ಮಾತನ್ನು ಅವನು ಎತ್ತಲಿಲ್ಲ. “ಒಂದ್ಸಲ ಊರಿಗೆ ಹೋಗಿ ಬಾರವ್ವ. ಆಮ್ಯಾಲೆ ನೋಡೂಣು” ಎಂದ. ಆಮೇಲೆ ನೋಡೋಣವೆಂದರೆ ಏನೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಮುಂದಿನ ತಿಂಗಳ ಮೊದಲ ವಾರ ಹೊರಡುತ್ತೇನೆ.

ಹಾವೇರಿಯ ಬಾಡಿಗೆ ಮನೆಯನ್ನು ಇಲ್ಲಿಗೆ ಬರುವಾಗಲೇ ಬಿಟ್ಟೆನೆಂದು ನಿನಗೆ ಗೊತ್ತಿದೆ. ಮೊಮ್ಮಗಳ ಮದುವೆಯವರೆಗೆ ಇಲ್ಲೇ ಎಂದು ಎಲ್ಲರಿಗೂ ಹೇಳಿ ಬಂದಿದ್ದೆ, ಸ್ಟಾಫ್ ರೂಮಿನಲ್ಲಿ ಸ್ವಲ್ಪ ಹೆಚ್ಚಾಗಿಯೇ ಹೇಳಿದ್ದೆ. ನಿನ್ನ ಮನೆಯ ಬೀದಿಯ ಕಡೆಗಿನ ಕೋಣೆ ಖಾಲಿಯಿದ್ದರೆ ಬೇರೆ ಮನೆ ಸಿಗುವವರೆಗೆ ಇರಲೇ? ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರಾದರೂ ಕೇಳಿದರೆ ಚಳಿ ಒಗ್ಗಲಿಲ್ಲವೆಂದು ಹೇಳು. ಅದು ನಿಜವೂ ಹೌದು.

ಕಡೆಯ ವಾರಗಳಲ್ಲಿ ಪಾಠ ನಿಲ್ಲಿಸಲಿಲ್ಲ. ಇಂಚರಳೇ ಒಂದು ಸುದ್ದಿ ತಂದಳು: ‘ಕಡೆಯ ದೋಣಿ’ಯನ್ನು ಬೇರೊಂದು ಕಂಪನಿಯವರು ಹೊಸದಾಗಿ ಅನಿಮೆ ಮಾಡಿದ್ದಾರೆ, ಈ ಸಲ ಒಂದೇ ದಾರಿಯಲ್ಲ, ಒಬ್ಬಳ ಕಥೆ ಮುಗಿದ ಮೇಲೆ ಮತ್ತೆ ಮೊದಲ ದಿನಕ್ಕೆ ಮರಳಿ ಇನ್ನೊಬ್ಬಳ ಕಥೆ ಹೇಳುತ್ತಾರೆ. ನನಗೆ ಇದೇ ನ್ಯಾಯವೆನ್ನಿಸಿತು. ಪ್ರತಿ ಸಲವೂ ಹುಡುಗ ದೋಣಿಯಿಂದ ಇಳಿಯುತ್ತಾನೆ, ಏನೂ ಆಗಿಯೇ ಇಲ್ಲವೆಂಬಂತೆ. ಮಗು ಪ್ರತಿ ಸಲವೂ ಆ ದೃಶ್ಯದಲ್ಲಿ ನನ್ನ ಹತ್ತಿರಕ್ಕೆ ಸರಿದು ಕೂರುತ್ತಿದ್ದಳು. ಸುಮಿರೆಗೆ ತಂದೆ ಉಳಿದ, ಯುಕಾರಿಗೆ ಮನೆ ಸಿಕ್ಕಿತು, ಮಿಕ್ಕವರಿಗೂ ಏನೇನೋ ದೊರೆಯಿತು. ಕೊನೆಯ ಕಂತು ಬೇರೆ ರೀತಿಯದೆಂದು ಎಲ್ಲರೂ ಬರೆಯುತ್ತಿದ್ದಾರೆಂದು ಅವಳು ಹೇಳಿದಾಗ, ನಮ್ಮ ಪತ್ರ ಜಪಾನಿನವರಿಗೆ ನಾಟಿರಬೇಕೆಂದು ನಾನು ತಮಾಷೆ ಮಾಡಿದೆ. ತಮಾಷೆಯಂತೆ ಹೇಳಿದೆ, ನಂಬಿದ್ದೆ.

ಖಾಲಿ ಹಜಾರದ ನೆಲದ ಮೇಲೆ ಕುಳಿತು ನೋಡಿದೆವು, ಸೋಫಾ ಆಗಲೇ ಹೋಗಿತ್ತು. ಫುಮಿ ಶಾಲೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಹಲಗೆಯ ಮೇಲಿದ್ದ ತಾರೀಖನ್ನು ಒರೆಸಿದಳು. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಹೂಕುಂಡದ ಕೆಳಗಿಟ್ಟು, ದಡಕ್ಕೆ ನಡೆದಳು. ಎಲ್ಲರೂ ದೋಣಿಯಲ್ಲಿದ್ದರು. ಅವಳು ಕೈ ಬೀಸಿದಳು, ದೋಣಿ ಚಿಕ್ಕದಾಯಿತು, ಹೆಸರುಗಳು ಬರತೊಡಗಿದವು. ಅಷ್ಟೇ. ಅವಳು ಯಾಕೆ ಹತ್ತಲಿಲ್ಲವೆಂದು ಯಾರೂ ಕೇಳಲೂ ಇಲ್ಲ. ಹೆಸರುಗಳೆಲ್ಲ ಮುಗಿದ ಮೇಲೆ ಏನಾದರೂ ಇರಬಹುದೆಂದು ನಾನು ಪರದೆ ಕಪ್ಪಾಗುವವರೆಗೆ ಕುಳಿತಿದ್ದೆ.

“ಇನ್ನೊಂದು ಮೆಮೊ ಕಳಿಸೋಣವಾ, ಅಜ್ಜಿ?” ಎಂದು ಇಂಚರ ಕೇಳಿದಳು. ಬೇಡವೆಂದೆ.

ಅವಳ ಕನ್ನಡ ಈಗ ಎಷ್ಟು ಚೆನ್ನಾಗಿದೆಯೆಂದರೆ ನಮ್ಮ ಶಾಲೆಯಲ್ಲಿದ್ದಿದ್ದರೆ ರಾಜ್ಯೋತ್ಸವದ ಭಾಷಣಕ್ಕೆ ಅವಳನ್ನೇ ನಿಲ್ಲಿಸುತ್ತಿದ್ದೆ. ಪ್ರತಿ ಭಾನುವಾರ ಫೋನಿನಲ್ಲಿ ಕನ್ನಡದಲ್ಲಿಯೇ ಮಾತಾಡುತ್ತೇನೆಂದು ಮಾತು ಕೊಟ್ಟಿದ್ದಾಳೆ. ಮಕ್ಕಳ ಮಾತು; ಮೊದಲ ಕೆಲವು ಭಾನುವಾರಗಳು ಖಂಡಿತ ಬರುತ್ತವೆ.

ನಿನ್ನ ಕಣ್ಣು ನಿಚ್ಚಳವಾಗಿರಲಿ, ಹೊಸ ಕನ್ನಡಕ ನಿನ್ನ ಮೂಗಿಗೆ ಹೊಂದಲಿ. ನಿನ್ನ ತಮ್ಮನ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು. ನಮ್ಮ ಕೈಯಲ್ಲಿ ಕಲಿತ ಹುಡುಗಿಯರು ಎಲ್ಲೆಲ್ಲಿದ್ದಾರೋ ಅಲ್ಲಲ್ಲಿ ತಣ್ಣಗಿರಲಿ. ಪದ್ಮಾಳಿಗೂ ಭಾಸ್ಕರನಿಗೂ ಒಳ್ಳೆಯದಾಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ
ಚೆನ್ನಮ್ಮ

ಲಕೋಟೆ ಅಂಟಿಸುವ ಮುನ್ನ ಒಂದು ಮಾತು: ಮೇಲೆ ಎಲ್ಲವನ್ನೂ ಬರೆದೆನೆಂದುಕೊಂಡಿದ್ದೆ, ಒಂದನ್ನು ಬಿಟ್ಟಿದ್ದೇನೆ. ನಿನ್ನೆ ಇಂಚರ ನನ್ನ ಪೆಟ್ಟಿಗೆ ತುಂಬಿಸುತ್ತಿದ್ದಳು. ಸೀರೆಗಳನ್ನು ಎಷ್ಟು ಅಂದವಾಗಿ ಮಡಿಚುತ್ತಿದ್ದಳೆಂದರೆ ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ: “ವಕೀಲೆಯ ಹತ್ತಿರ ಅಜ್ಜಿಯ ವಿಷಯ ಏನಾದರೂ ಹೇಳಿದೆಯಾ, ಮಗೂ?” ಅವಳು ಮಡಿಚುವುದನ್ನು ನಿಲ್ಲಿಸಿ ಯೋಚಿಸಿದಳು. ಆಮೇಲೆ ನಿಧಾನವಾಗಿ, ನಾನು ಕಲಿಸಿದಂತೆಯೇ ಪೂರ್ಣ ವಾಕ್ಯಗಳಲ್ಲಿ, ನಡುವೆ ಒಂದು ಇಂಗ್ಲಿಷ್ ಶಬ್ದವೂ ಇಲ್ಲದೆ ಹೇಳಿದಳು: “ಇಲ್ಲ, ಅಜ್ಜಿ. ಅವರು ಅಪ್ಪ ಅಮ್ಮ ಇಬ್ಬರ ಬಗ್ಗೆ ಮಾತ್ರ ಕೇಳಿದರು. ಮೂರನೆಯವರೊಬ್ಬರು ಇದ್ದಾರೆಂದು ನನಗೆ ಹೊಳೆಯಲೇ ಇಲ್ಲ.” ಹೇಳಿ ನನ್ನ ಮುಖ ನೋಡಿದಳು, ದೊಡ್ಡ ವಾಕ್ಯ ಹೇಳಿದಾಗಲೆಲ್ಲ ಹಾಗೆ ನೋಡಿ ಕಾಯುವುದು ಅವಳಿಗೆ ರೂಢಿ. ಸರಿಯಾಗಿದೆ ಎಂದೆ.